ಅಂಕಿತ ಅಳಿಸಿದ ತಂತ್ರಾಂಶ

ಕುವೈತಿನಲ್ಲಿ ದುಡಿಯುವ ಕನ್ನಡಿಗನ ಆಂಡ್ರಾಯ್ಡ್ ಫೋನಿನಲ್ಲಿ ಎರಡು ಲಿಪಿಗಳು ಅಕ್ಕಪಕ್ಕದಲ್ಲಿ ಬದುಕುತ್ತವೆ. ಸರ್ಕಾರದ ಸೂಚನೆ ಬಲದಿಂದ ಎಡಕ್ಕೆ ಅರಬಿಯಲ್ಲಿ ಬರುತ್ತದೆ. ಊರಿನ ಸಂದೇಶ ಎಡದಿಂದ ಬಲಕ್ಕೆ ಕನ್ನಡದಲ್ಲಿ ಬರುತ್ತದೆ. ಅರಬಿಯ ಅಕ್ಷರ ಪದದ ಆದಿಯಲ್ಲಿ ಒಂದು ರೂಪ, ನಡುವೆ ಇನ್ನೊಂದು, ಕೊನೆಯಲ್ಲಿ ಮತ್ತೊಂದು ರೂಪ ತಾಳುತ್ತದೆ. ಕನ್ನಡದ ಒತ್ತಕ್ಷರ ಮೂಲಾಕ್ಷರದ ಕೆಳಗೆ ಇಳಿಯುತ್ತದೆ. ಉಚ್ಚಾರಣೆಯಲ್ಲಿ ಮುಂದಿದ್ದ ರಕಾರ ಅರ್ಕಾವೊತ್ತಾಗಿ ಬರಹದಲ್ಲಿ ಹಿಂದಕ್ಕೆ ಸರಿಯುತ್ತದೆ. ಈ ಎರಡು ಭಿನ್ನ ಕುಶಲತೆಗಳನ್ನೂ ನಿರ್ವಹಿಸುವುದು ಒಂದೇ ತಂತ್ರಾಂಶ ಘಟಕ. ಅದರ ಹೆಸರು ಹಾರ್ಫ್‌ಬಜ್. ಹರ್ಫ್ ಎಂದರೆ ಅರಬಿಯಲ್ಲೂ ಪಾರಸಿಯಲ್ಲೂ ಅಕ್ಷರ. ಇರಾನಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಬೆಹ್ದಾದ್ ಎಸ್ಫಹ್‌ಬೋದ್ ಅದನ್ನು ಬೆಳೆಸಿದವರಲ್ಲಿ ಪ್ರಮುಖರು. ಅವರೊಡನೆ ಹಲವು ದೇಶಗಳ ಹಲವು ಕೈಗಳು ದುಡಿದಿವೆ. ಅರಬ್ಬರ ನಾಡಿನಲ್ಲಿ ಕುಳಿತ ಕನ್ನಡಿಗನು ತನ್ನ ತಾಯ್ನುಡಿಯನ್ನು ಓದುವುದು ಒಬ್ಬ ವಲಸಿಗನ ಮುಂದಾಳತ್ವದಲ್ಲಿ ಬೆಳೆದ ಉಚಿತ ದುಡಿಮೆಯ ಫಲವಾಗಿ.

ಉಚಿತ ಎಂದರೆ ನಿಬಂಧನೆಯಿಲ್ಲದ್ದು ಎಂದಲ್ಲ. ಹಾರ್ಫ್‌ಬಜ್‌ನ ಪರವಾನಗಿ ಎಂಐಟಿ ಪರವಾನಗಿಯ ಹಳೆಯ ರೂಪ. ಬಳಸಿ, ಬದಲಿಸಿ, ಮಾರಿ, ಕೋಟಿ ಗಳಿಸಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಈ ಹಕ್ಕುಸ್ವಾಮ್ಯದ ಸೂಚನೆ ಮತ್ತದರ ಕೆಳಗಿನ ಕೆಲವು ಸಾಲುಗಳು ಪ್ರತಿಯೊಂದು ಪ್ರತಿಯ ಜೊತೆಗೂ ಹೋಗಬೇಕು ಎಂಬುದಷ್ಟೇ ಅದರ ಬೇಡಿಕೆ. ಕೂಲಿ ಕೇಳಿಲ್ಲ, ಪಾಲು ಕೇಳಿಲ್ಲ, ಹೆಸರೊಂದನ್ನು ಕೇಳಿದೆ. ಗೂಗಲ್ ಸಂಸ್ಥೆ ಆಂಡ್ರಾಯ್ಡ್‌ನ ಒಳಗಿನ ಘಟಕಗಳ ಪರವಾನಗಿಗಳನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಕಾನೂನು ಮಾಹಿತಿ ಎಂಬ ಮೂಲೆಯಲ್ಲಿ ಇರಿಸಿದೆ, ಹುಡುಕಿದವರಿಗೆ ಸಿಗುತ್ತದೆ. ಆ ಫೋನಿನ ಮೇಲೆ ಕೂರುವ ಸಾವಿರಾರು ಆ್ಯಪ್‌ಗಳ ಕಥೆಯೇ ಬೇರೆ. ಹತ್ತಾರು, ಕೆಲವೊಮ್ಮೆ ನೂರಾರು ಮುಕ್ತ ಘಟಕಗಳನ್ನು ತಮ್ಮೊಳಗೆ ತುಂಬಿಕೊಂಡ ಆ್ಯಪ್‌ಗಳಲ್ಲಿ ಅನೇಕವು ಒಂದೇ ಒಂದು ಹೆಸರನ್ನೂ ಎಲ್ಲಿಯೂ ಹೇಳುವುದಿಲ್ಲ. ಕುವೈತಿನ ದೀನಾರಿಗೆ ಗುತ್ತಿಗೆ ಹಿಡಿದು ಬೆಂಗಳೂರಿನಲ್ಲಿ ಹೆಣೆದ ಆ್ಯಪ್‌ಗಳಿಗೂ ಇದೇ ಮಾತು ಸಲ್ಲುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇದನ್ನು ಮರೆವು ಎಂದು ಕರೆಯುವುದು ವಾಡಿಕೆ. ಮರೆವಿನ ಭಾಗವೂ ಇದೆ, ನಿಜ. ಆದರೆ ಆಂಡ್ರಾಯ್ಡ್ ತಂತ್ರಾಂಶ ಕಟ್ಟುವವರ ನಡುವೆ ಬಹುಕಾಲದಿಂದ ಕೈಯಿಂದ ಕೈಗೆ ದಾಟುತ್ತಿರುವ ಒಂದು ಪರಿಹಾರವನ್ನು ನೋಡಿದರೆ ಮರೆವು ಎಂಬ ಮಾತು ಸಾಲದು. ಜಾವಾ ಘಟಕಗಳು ತಮ್ಮ ಪರವಾನಗಿಯ ಕಡತವನ್ನು ತಮ್ಮೊಳಗೇ ಇಟ್ಟುಕೊಂಡು ಬರುತ್ತವೆ, ಮೆಟಾ-ಇನ್ಫ್ ಎಂಬ ಪೆಟ್ಟಿಗೆಯಲ್ಲಿ. ಎರಡು ಘಟಕಗಳು ಒಂದೇ ಹೆಸರಿನ ಕಡತವನ್ನು ತಂದರೆ ಕಟ್ಟುವ ಸಾಧನ ತಡೆದು ನಿಲ್ಲುತ್ತದೆ, ದೋಷವಿದೆ ಎಂದು ತೋರಿಸುತ್ತದೆ. ಆಗ ಪ್ರೋಗ್ರಾಮರ್ ಅಂತರಜಾಲದಲ್ಲಿ ಹುಡುಕಿ, ಪರವಾನಗಿ ಮತ್ತು ಸೂಚನೆಯ ಕಡತಗಳನ್ನು ಹೊರಗಿಡು ಎಂಬ ಎರಡು ಮೂರು ಸಾಲುಗಳ ಆಜ್ಞೆಯನ್ನು ತಂದು ಅಂಟಿಸುತ್ತಾನೆ. ದೋಷ ಮಾಯವಾಗುತ್ತದೆ. ಆ ಕಡತಗಳನ್ನು ಒಂದಾಗಿ ಬೆಸೆದು ಉಳಿಸುವ ದಾರಿಯೂ ಅದೇ ಸಾಧನದಲ್ಲಿದೆ. ಆದರೆ ಅಳಿಸುವ ದಾರಿಯೇ ಜನಪ್ರಿಯ. ದಾನ ಕೊಟ್ಟವನು ತನ್ನ ಹೆಸರನ್ನು ದಾನದೊಳಗೇ ಇಟ್ಟು ಕಳುಹಿಸಿದ್ದ. ಪಡೆದವನಿಗೆ ಆ ಹೆಸರೇ ದೋಷವಾಗಿ ಕಂಡಿತು.

ಕನ್ನಡ ಪರಂಪರೆಗೆ ಈ ವಿಷಯ ಹೊಸದಲ್ಲ. ವಚನಕಾರರು ತಮ್ಮ ಗುರುತನ್ನು ಪುಸ್ತಕದ ಮುಖಪುಟಕ್ಕೆ ಒಪ್ಪಿಸಲಿಲ್ಲ, ವಚನದ ಒಡಲಲ್ಲಿಯೇ ಇರಿಸಿದರು. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತಗಳು ವಚನದೊಳಗೆ ಹೆಣೆದುಕೊಂಡಿರುವುದರಿಂದಲೇ, ಹಾಳೆಗಳು ಚದುರಿದರೂ ಪ್ರತಿಕಾರರು ಬದಲಾದರೂ, ಯಾರ ಮಾತು ಯಾರದ್ದು ಎಂಬುದು ಬಹುಮಟ್ಟಿಗೆ ಉಳಿದು ಬಂದಿತು. ಅಂಬಿಗರ ಚೌಡಯ್ಯನಂತೂ ದೇವರ ಹೆಸರನ್ನು ಬದಿಗಿಟ್ಟು ತನ್ನ ಹೆಸರನ್ನೇ, ತನ್ನ ಕಸುಬಿನ ಸಮೇತ, ಅಂಕಿತವಾಗಿಸಿಕೊಂಡ. ಬಸವಣ್ಣನವರ ಅಂಕಿತವನ್ನು ಬದಲಿಸಿ ವಚನಗಳನ್ನು ಅಚ್ಚು ಹಾಕಿದ ‘ವಚನ ದೀಪ್ತಿ’ಯನ್ನು 1998ರಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುಸ್ತಕವನ್ನು ನಿಷೇಧಿಸುವುದು ಸರಿಯೇ ಎಂಬುದು ಬೇರೆಯ ವಾದ, ಅದಕ್ಕೆ ಇಲ್ಲ ಎಂದು ಉತ್ತರಿಸಲು ಸಾಕಷ್ಟು ಕಾರಣಗಳಿವೆ. ಆದರೆ ಒಂದು ಅಂಕಿತ ಬದಲಾದದ್ದಕ್ಕೆ ಒಂದು ನಾಡು ಅಷ್ಟು ಕಲಕಿತು ಎಂಬ ಸಂಗತಿ ನೆನಪಿನಲ್ಲಿರಬೇಕಾದದ್ದು.

ಹೊಯ್ಸಳರ ಶಿಲ್ಪಿಗಳೂ ಹಾಗೆಯೇ. ಬೇಲೂರಿನ ವಿಗ್ರಹಗಳ ಪೀಠದ ಮೇಲೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ಅರಸನಿಗೆ ಅದರಿಂದ ಮುಕ್ಕಾಗಲಿಲ್ಲ. ಇನ್ನು ದಾನಶಾಸನಗಳ ಕೊನೆಯ ಶಾಪಾಶಯವನ್ನು ಪರವಾನಗಿಯ ಭಾಷೆಯಲ್ಲಿ ಓದಿ ನೋಡಬೇಕು: ಈ ದಾನದ ಷರತ್ತನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಎಂಐಟಿ ಪರವಾನಗಿ ಬರೆದ ಅಮೆರಿಕದವರಿಗೆ ಈ ಧೈರ್ಯವಿರಲಿಲ್ಲ. ಅವರು ಸೌಜನ್ಯವನ್ನು ನಂಬಿದರು.

ಕನ್ನಡದ ಸಭೆಗಳಲ್ಲಿ ವಂದನಾರ್ಪಣೆ ಎಂಬುದೊಂದಿದೆ. ಕುವೈತ್ ಇರಲಿ, ದುಬೈ ಇರಲಿ, ರಾಜ್ಯೋತ್ಸವದ ರಾತ್ರಿ ಹನ್ನೊಂದು ದಾಟಿದರೂ ಧ್ವನಿವರ್ಧಕದವನಿಂದ ಹಿಡಿದು ಊಟ ಬಡಿಸಿದವರವರೆಗೆ ಹೆಸರು ಹೇಳದೆ ದೀಪ ಆರಿಸುವುದಿಲ್ಲ. ಸಭಿಕರು ಎದ್ದು ಹೊರಟಿದ್ದರೂ ಪಟ್ಟಿ ಮುಗಿಯುವವರೆಗೆ ಓದಲಾಗುತ್ತದೆ. ಯಾರೂ ಕೇಳುತ್ತಿಲ್ಲ, ಆದ್ದರಿಂದ ಬಿಟ್ಟುಬಿಡಿ ಎಂದು ಆಗ ಯಾರೂ ಹೇಳುವುದಿಲ್ಲ. ಅದೇ ಸಭೆಯಲ್ಲಿ ಕುಳಿತ ತಂತ್ರಜ್ಞರು ಮರುದಿನ ಕಚೇರಿಯಲ್ಲಿ ಪರವಾನಗಿಯ ಪುಟದ ವಿಷಯ ಬಂದಾಗ ಮಂಡಿಸುವ ಮೊದಲ ವಾದ ಇದೇ: ಯಾರು ಓದುತ್ತಾರೆ?

ಓದುವವರಿದ್ದಾರೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ದಶಕಗಳಿಂದ ಕಾಪಾಡಿಕೊಂಡು ಬಂದಿರುವ ಕರ್ಲ್ ಎಂಬ ಘಟಕ ಕಾರುಗಳಲ್ಲಿ, ದೂರದರ್ಶನಗಳಲ್ಲಿ, ಲೆಕ್ಕವಿಲ್ಲದಷ್ಟು ಆ್ಯಪ್‌ಗಳಲ್ಲಿ ಇದೆ. ಕಾರಿನ ಪರದೆಯ ಪರವಾನಗಿ ಪಟ್ಟಿಯಲ್ಲಿ ಅವರ ಹೆಸರು ಮತ್ತು ಮಿಂಚಂಚೆ ವಿಳಾಸ ಕಂಡವರು, ನಕ್ಷೆ ತೆರೆಯುತ್ತಿಲ್ಲ, ರೇಡಿಯೊ ಹಾಡುತ್ತಿಲ್ಲ ಎಂದು ಅವರಿಗೇ ಪತ್ರ ಬರೆಯುತ್ತಾರೆ. ತನ್ನ ಖಾತೆಗೆ ಕನ್ನ ಹಾಕಿದವನು ನೀನೇ ಎಂದು ದೂರಿದವರೂ ಉಂಟು. ಸ್ಟೆನ್‌ಬರ್ಗ್ ಅವುಗಳನ್ನು ಅಚ್ಚರಿಯಿಂದಲೂ ವಿನೋದದಿಂದಲೂ ಪ್ರಕಟಿಸುತ್ತ ಬಂದಿದ್ದಾರೆ. ಇದಕ್ಕೆ ಎದುರಾದ ಕಥೆಯೂ ಇದೆ. ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶದ ತಾತ್ಕಾಲಿಕ ಕಡತಗಳು ತನ್ನ ಹೆಸರಿನಿಂದಲೇ ಶುರುವಾಗುತ್ತಿದ್ದವು. ಮ್ಯಾಕಫಿ ಎಂಬ ವೈರಸ್ ತಡೆ ತಂತ್ರಾಂಶ ಅದನ್ನು ಬಳಸತೊಡಗಿದಾಗ, ತಮ್ಮ ಗಣಕದಲ್ಲಿ ಈ ವಿಚಿತ್ರ ಕಡತಗಳನ್ನು ಕಂಡವರು ಅದರ ಕರ್ತೃವಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ ಬೈದರು. ಕೊನೆಗೆ 2006ರಲ್ಲಿ ಆ ಕಡತಗಳ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆಯಬೇಕಾಯಿತು. ಹೆಸರು ಹೇಳುವುದರಲ್ಲಿ ತೊಂದರೆಯೇ ಇಲ್ಲ ಎಂದೇನಲ್ಲ. ಆದರೆ ಈ ಎರಡೂ ಪ್ರಸಂಗಗಳಲ್ಲಿ ಹೆಸರು ಕಂಡವರು ಸಾಮಾನ್ಯ ಜನ. ಯಾರೂ ಓದುವುದಿಲ್ಲ ಎಂಬ ಮಾತು ಅಲ್ಲಿಯೇ ಸುಳ್ಳಾಯಿತು.

ಎರಡನೆಯ ಆಕ್ಷೇಪಕ್ಕೆ ಸ್ವಲ್ಪ ತೂಕವಿದೆ. ಪಟ್ಟಿ ಉದ್ದವಾಗುತ್ತದೆ, ನಿರ್ವಹಿಸಲು ಕಷ್ಟ ಎಂಬುದು. ಬರ್ಕ್‌ಲಿ ವಿಶ್ವವಿದ್ಯಾಲಯದ ಮೊದಲ ಬಿಎಸ್‌ಡಿ ಪರವಾನಗಿ, ಆ ತಂತ್ರಾಂಶದ ವೈಶಿಷ್ಟ್ಯವನ್ನು ಹೇಳುವ ಪ್ರತಿ ಜಾಹೀರಾತಿನಲ್ಲಿಯೂ ವಿಶ್ವವಿದ್ಯಾಲಯದ ಹೆಸರು ಬರಬೇಕು ಎಂದು ಕೇಳಿತ್ತು. ಅದನ್ನು ಅನುಕರಿಸಿದವರು ತಂತಮ್ಮ ಹೆಸರು ಹಾಕಿಕೊಂಡರು. 1997ರ ನೆಟ್‌ಬಿಎಸ್‌ಡಿ ಆವೃತ್ತಿಯಲ್ಲಿ ಇಂಥ 75 ವಾಕ್ಯಗಳನ್ನು ರಿಚರ್ಡ್ ಸ್ಟಾಲ್‌ಮನ್ ಎಣಿಸಿದರು. ಜಾಹೀರಾತಿನಲ್ಲಿ 75 ವಾಕ್ಯ ಅಚ್ಚು ಹಾಕಿ ಎನ್ನುವುದು ಹುಚ್ಚು. 1999ರ ಜುಲೈನಲ್ಲಿ ಬರ್ಕ್‌ಲಿ ಆ ಷರತ್ತನ್ನು ಕೈಬಿಟ್ಟಿತು. ಗಮನಿಸಬೇಕಾದದ್ದು ಏನೆಂದರೆ, ಕೈಬಿಟ್ಟದ್ದು ಜಾಹೀರಾತಿನ ಷರತ್ತನ್ನು ಮಾತ್ರ. ತಂತ್ರಾಂಶದ ಜೊತೆಗೆ, ದಾಖಲೆಯಲ್ಲಿಯೋ ಜೊತೆಯ ಸಾಮಗ್ರಿಯಲ್ಲಿಯೋ ಹಕ್ಕುಸ್ವಾಮ್ಯದ ಸೂಚನೆ ಇರಬೇಕು ಎಂಬ ಷರತ್ತು ಉಳಿಯಿತು. ಹೊರೆ ಯಾವುದು, ಋಣ ಯಾವುದು ಎಂಬ ವಿವೇಚನೆ ಕಾಲು ಶತಮಾನದ ಹಿಂದೆಯೇ ಆಗಿಹೋಗಿದೆ.

ಅಲ್ಲದೆ ಆ ಪಟ್ಟಿಯನ್ನು ಇಂದು ಮನುಷ್ಯ ಕುಳಿತು ಬರೆಯಬೇಕಾಗಿಲ್ಲ. ಫ್ಲಟರ್‌ನಲ್ಲಿ ಕಟ್ಟಿದ ಆ್ಯಪ್ ತಾನು ಬಳಸಿದ ಘಟಕಗಳ ಪರವಾನಗಿಗಳನ್ನು ತಾನೇ ಕಲೆಹಾಕಿಕೊಂಡಿರುತ್ತದೆ. ಅದನ್ನು ಪರದೆಗೆ ತರಲು ಒಂದು ಆಜ್ಞೆ ಸಾಕು. ಆಂಡ್ರಾಯ್ಡ್‌ಗೆ ಗೂಗಲ್ ಇದಕ್ಕೆಂದೇ ಒಂದು ಪೂರಕ ಸಾಧನ ಕೊಟ್ಟಿದೆ. ಜಾಲತಾಣಗಳ ಸಂಕೇತವನ್ನು ಕಿರಿದುಗೊಳಿಸುವ ಸಾಧನಗಳು ಟಿಪ್ಪಣಿಗಳನ್ನೆಲ್ಲ ಒರೆಸಿಹಾಕುವಾಗಲೂ ಪರವಾನಗಿ ಎಂಬ ಗುರುತುಳ್ಳ ಟಿಪ್ಪಣಿಯನ್ನು ಉಳಿಸಬಲ್ಲವು. 2010ರಲ್ಲಿ ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಶುರುವಾದ ಎಸ್‌ಪಿಡಿಎಕ್ಸ್ ಎಂಬ ಪದ್ಧತಿ ಪ್ರತಿ ಪರವಾನಗಿಗೂ ಒಂದು ಚಿಕ್ಕ ಗುರುತು ಕೊಟ್ಟಿತು. 2021ರಲ್ಲಿ ಅದು ಐಎಸ್‌ಒ 5962 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಲಿನಕ್ಸ್‌ನ ತಿರುಳಿನ ಸಾವಿರಾರು ಕಡತಗಳು 2017ರಿಂದೀಚೆಗೆ ಆ ಒಂದು ಸಾಲನ್ನು ತಲೆಯ ಮೇಲೆ ಹೊತ್ತಿವೆ. ಇಷ್ಟೆಲ್ಲ ಇದ್ದೂ ಕಷ್ಟ ಎನ್ನುವುದು ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ಕನ್ನಡದ ಅಕ್ಷರಶೈಲಿಗಳ ಕಡೆಗೆ ಬಂದರೆ ವಿಷಯ ಇನ್ನೂ ಹತ್ತಿರವಾಗುತ್ತದೆ. ಫಾಂಟ್ ಎಂಬುದು ಕೇವಲ ಅಕ್ಷರದ ಚಿತ್ರಗಳ ಕಂತೆಯಲ್ಲ. ಅದರೊಳಗೆ ಹೆಸರುಗಳ ಕೋಷ್ಟಕವೊಂದಿದೆ. ಸೊನ್ನೆಯ ಸಾಲು ಹಕ್ಕುಸ್ವಾಮ್ಯಕ್ಕೆ, 13ನೆಯದು ಪರವಾನಗಿಯ ವಿವರಣೆಗೆ, 14ನೆಯದು ಪರವಾನಗಿಯ ಜಾಲವಿಳಾಸಕ್ಕೆ ಮೀಸಲು. ಅಂದರೆ ಅಂಕಿತವನ್ನು ಒಡಲಲ್ಲಿ ಇಡುವ ವಚನಕಾರರ ಕ್ರಮ ಇಲ್ಲಿ ಮಾನಕವೇ ಆಗಿದೆ. ಅರವಿಂದ ವಿ.ಕೆ. ಅವರು ರೂಪಿಸಿದ ನವಿಲು, ರೆಡ್ ಹ್ಯಾಟ್ ಪೋಷಿಸಿದ ಲೋಹಿತ್, ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಇವು ಮುಕ್ತ ಅಕ್ಷರಶೈಲಿ ಪರವಾನಗಿಯಡಿ ಸಿಗುತ್ತವೆ. ಆ ಪರವಾನಗಿ ಬಹಳ ಉದಾರಿ. ಸೂಚನೆ ಪ್ರತ್ಯೇಕ ಕಡತದಲ್ಲಿದ್ದರೂ ಸರಿ, ಫಾಂಟಿನೊಳಗಿನ ಕೋಷ್ಟಕದಲ್ಲಿದ್ದರೂ ಸರಿ, ಬಳಸುವವನಿಗೆ ಸುಲಭವಾಗಿ ಕಾಣುವಂತಿದ್ದರಾಯಿತು ಎನ್ನುತ್ತದೆ. ಆದರೆ ಜಾಲತಾಣ ಬೇಗ ತೆರೆಯಲಿ ಎಂದು ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುತ್ತಾರಲ್ಲ, ಅದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನ ಬೇರೆ ಹೇಳದಿದ್ದರೆ 0ರಿಂದ 6ರವರೆಗಿನ ಹೆಸರುಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 13 ಮತ್ತು 14 ಕತ್ತರಿಯ ಪಾಲಾಗುತ್ತವೆ. ಉಳಿಸು ಎಂದು ಹೇಳಲು ಒಂದು ಪದದಷ್ಟು ಆಜ್ಞೆ ಸಾಕು. ಕನ್ನಡಕ್ಕೆ ಸೇವೆ ಸಲ್ಲಿಸುತ್ತೇವೆ ಎಂದು ಎದೆ ತಟ್ಟಿಕೊಳ್ಳುವ ಜಾಲತಾಣಗಳಲ್ಲಿ ಎಷ್ಟು ಆ ಪದವನ್ನು ಬರೆದಿವೆ ಎಂದು ನೋಡುವುದು ಕಷ್ಟದ ಕೆಲಸವಲ್ಲ. ಫಾಂಟನ್ನು ಇಳಿಸಿಕೊಂಡು ಕೋಷ್ಟಕ ತೆರೆದರೆ ಸಾಕು.

ಹೆಸರು ಕಳಚಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲಿಯೇ ಒಂದು ಕಥೆಯಿದೆ. ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನೆಲ್ಲ ತರ್ಕಬದ್ಧವಾಗಿ ಕೂರಿಸುವ ವಿನ್ಯಾಸ ಮಾಡಿದರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಎಂದು ಹೆಸರಿಟ್ಟರು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ತಾವು ಕಟ್ಟಿದ್ದಕ್ಕೂ ಇನ್ನೊಬ್ಬರ ಹೆಸರನ್ನೇ ಇಟ್ಟವರು ಅವರು. ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಅದೇ ಸಣ್ಣಪುಟ್ಟ ಬದಲಾವಣೆಗಳೊಡನೆ ಕರ್ನಾಟಕ ಸರ್ಕಾರದ ಮಾನಕವಾಯಿತು, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಂದಿತು, ಕೋಟ್ಯಂತರ ಪುಟಗಳು ಅದರಲ್ಲಿ ಮೂಡಿದವು. ಇಂದು ಲಿನಕ್ಸ್ ಗಣಕದಲ್ಲಿ ಕೀಲಿಮಣೆಗಳ ಪಟ್ಟಿ ತೆರೆದರೆ ಆ ವಿನ್ಯಾಸದ ಹೆಸರು ‘ಕಗಪ’. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಕನ್ನಡಕ್ಕೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅಲ್ಲಿ ಕಗಪ ಎಂಬ ವಿನ್ಯಾಸವುಂಟು. ಲೋಕದ ಯಾವ ಮೂಲೆಯ ಗಣಕದಲ್ಲಾದರೂ ಸರಿ, ಸಂಸ್ಥೆಯ ಹೆಸರಿದೆ, ವ್ಯಕ್ತಿಯ ಹೆಸರಿಲ್ಲ.

ಇದರಲ್ಲಿ ಯಾರ ಕುತಂತ್ರವನ್ನೂ ಹುಡುಕಬೇಕಾಗಿಲ್ಲ. ಕೀಲಿಮಣೆಯ ವಿನ್ಯಾಸಕ್ಕೆ ಪರವಾನಗಿಯ ಕಾಗದ ಲಗತ್ತಾಗಿರಲಿಲ್ಲ, ಕೊಟ್ಟವರು ಕೇಳಲಿಲ್ಲ, ಪಡೆದವರು ಬರೆಯಲಿಲ್ಲ, ಹೊರಗಿನವರು ಕಂಡ ಹೆಸರನ್ನು ದಾಖಲಿಸಿದರು. ಸಂಸ್ಥೆಗೆ ಫಲಕವಿರುತ್ತದೆ, ಕಚೇರಿಯಿರುತ್ತದೆ, ಅನುದಾನವಿರುತ್ತದೆ. ಒಂಟಿ ದುಡಿಮೆಗಾರನಿಗೆ ಇರುವುದು ಹೆಸರು ಮಾತ್ರ. ಹೇಳದೆ ಬಿಟ್ಟಾಗ ಉಳಿಯುವುದು ಯಾವಾಗಲೂ ಬಲವುಳ್ಳವರ ಹೆಸರೇ. ಕೆ.ಪಿ. ರಾವ್ ಅವರಿಗೆ ಮುಂದೆ ಪ್ರಶಸ್ತಿಗಳು ಬಂದವು, ಅದು ಸಂತೋಷದ ಸಂಗತಿ. ಆದರೆ ಪ್ರಶಸ್ತಿ ಗೋಡೆಯ ಮೇಲಿರುತ್ತದೆ. ವಿನ್ಯಾಸ ಗಣಕದೊಳಗಿದೆ.

ಕುವೈತಿಗೂ ಇಂಥದೇ ಒಂದು ನೆನಪಿದೆ. 1982ರಲ್ಲಿ ಮುಹಮ್ಮದ್ ಅಲ್ ಶಾರಿಖ್ ಅಲ್ಲಿ ಸಖ್ರ್ ಸಂಸ್ಥೆಯನ್ನು ಸ್ಥಾಪಿಸಿದರು. ಅರಬಿ ಬಲ್ಲ ಮನೆಗಣಕಗಳನ್ನು ಅದು ಅರಬ್ ದೇಶಗಳಿಗೆಲ್ಲ ತಲುಪಿಸಿತು. ಇಂದಿನ ನಡುವಯಸ್ಸಿನ ಅರಬ್ ಎಂಜಿನಿಯರುಗಳಲ್ಲಿ ಎಷ್ಟೋ ಮಂದಿಯ ಮೊದಲ ಗಣಕ ಸಖ್ರ್. ಅದರ ಭಾಷಾತಂತ್ರದ ಹಿಂದೆ ಈಜಿಪ್ಟಿನಿಂದ ಬಂದ ನಬೀಲ್ ಅಲಿ ಅವರಂಥ ವಲಸಿಗ ವಿದ್ವಾಂಸರಿದ್ದರು. ಆ ಗಣಕಗಳು ಎಂಎಸ್‌ಎಕ್ಸ್ ಎಂಬ ಜಪಾನಿ ಮಾದರಿಯವು. ಆ ಮಾದರಿಯ ಗಣಕ ಚಾಲೂ ಆದೊಡನೆ ಸಾಮಾನ್ಯವಾಗಿ ತೋರಿಸುವ ಸಾಲು ಯಾವುದು? ಮೈಕ್ರೋಸಾಫ್ಟ್‌ನ ಹಕ್ಕುಸ್ವಾಮ್ಯದ ಸಾಲು. ಇಂದಿನ ಫೋನಿನ ಮುಂದೆ ಆಟಿಕೆಯಂತಿದ್ದ ಆ ಯಂತ್ರದ ಅಲ್ಪಸ್ವಲ್ಪ ಸ್ಮೃತಿಯಲ್ಲಿಯೂ ಬಲಾಢ್ಯ ಕಂಪನಿಯ ಹೆಸರಿಗೆ ಜಾಗವಿತ್ತು. ಇಂದು ನೂರಾರು ಮೆಗಾಬೈಟಿನ ಆ್ಯಪಿನಲ್ಲಿ ಬಡ ಸ್ವಯಂಸೇವಕನ ಹೆಸರಿಗೆ ಜಾಗವಿಲ್ಲ ಎನ್ನುತ್ತಾರೆ. 1990ರ ಇರಾಕಿನ ಆಕ್ರಮಣ ಸಖ್ರ್ ಅನ್ನು ಕೈರೋಗೆ ಓಡಿಸಿತು. ಅನುಮತಿಯಿಲ್ಲದ ನಕಲುಗಳೂ ಅದರ ಉಸಿರು ತೆಗೆದವು. 1999ರವರೆಗೆ ಕುವೈತಿನಲ್ಲಿ ವ್ಯವಸ್ಥಿತ ಕೃತಿಸ್ವಾಮ್ಯ ಕಾನೂನೇ ಇರಲಿಲ್ಲ.

ಕೊಲ್ಲಿ ದೇಶಗಳ ಗುತ್ತಿಗೆ ವಲಯದಲ್ಲಿ ಕೇಳಿಬರುವ ಮೂರನೆಯ ವಾದ ಈ ಹಳೆಯ ಕಾಲದ್ದು. ಇಲ್ಲಿ ಯಾರು ದಾವೆ ಹೂಡುತ್ತಾರೆ? ಕಾಲ ಬದಲಾಗಿದೆ ಎಂಬುದನ್ನು ಮೊದಲು ಹೇಳಬೇಕು. ಕುವೈತ್ 2014ರಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿತು. ಕರ್ತೃವೆಂದು ಗುರುತಿಸಿಕೊಳ್ಳುವ ನೈತಿಕ ಹಕ್ಕು ಆ ಒಪ್ಪಂದದಲ್ಲಿಯೇ ಇದೆ. 1999ರ ಕಾನೂನಿನ ಜಾಗಕ್ಕೆ 2016ರಲ್ಲಿ 22ನೆಯ ಕಾನೂನು, ಅದರ ಜಾಗಕ್ಕೆ 2019ರಲ್ಲಿ 75ನೆಯ ಕಾನೂನು ಬಂದಿತು. ಭಾರತದಲ್ಲಿ 2012ರ ತಿದ್ದುಪಡಿ ಕೃತಿಸ್ವಾಮ್ಯ ಕಾಯ್ದೆಗೆ 65ಬಿ ಕಲಮನ್ನು ಸೇರಿಸಿತು. ಹಕ್ಕು ನಿರ್ವಹಣೆಯ ಮಾಹಿತಿಯನ್ನು ಅಧಿಕಾರವಿಲ್ಲದೆ ಗೊತ್ತಿದ್ದೂ ಅಳಿಸುವುದು ಎರಡು ವರ್ಷದವರೆಗಿನ ಸೆರೆವಾಸಕ್ಕೆ ದಾರಿಯಾಗುವ ಅಪರಾಧ. ಬೆಂಗಳೂರಿನಲ್ಲಿ ಕುಳಿತು ‘ಹೊರಗಿಡು’ ಎಂಬ ಆಜ್ಞೆ ಅಂಟಿಸುವವರು ಆ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಅಮೆರಿಕದಲ್ಲಿ ರಾಬರ್ಟ್ ಜೇಕಬ್‌ಸನ್ ಎಂಬ ಭೌತವಿಜ್ಞಾನಿ ಆಟಿಕೆ ರೈಲುಗಳನ್ನು ನಡೆಸುವ ಮುಕ್ತ ತಂತ್ರಾಂಶವೊಂದರ ಪರವಾಗಿ ಹೂಡಿದ ದಾವೆ ಇಲ್ಲಿ ನೆನೆಯತಕ್ಕದ್ದು. ಅವರ ಕಡತಗಳನ್ನು ವಾಣಿಜ್ಯ ತಂತ್ರಾಂಶವೊಂದು ಬಳಸಿಕೊಂಡಿತ್ತು. ಕರ್ತೃಗಳ ಹೆಸರು, ಹಕ್ಕುಸ್ವಾಮ್ಯದ ಸೂಚನೆ, ಪರವಾನಗಿಯ ಉಲ್ಲೇಖ ಎಲ್ಲವೂ ಮಾಯವಾಗಿದ್ದವು. ಉಚಿತವಾಗಿ ಕೊಟ್ಟದ್ದಕ್ಕೆ ನಷ್ಟವೇನು ಎಂಬ ಪ್ರಶ್ನೆ ಎದ್ದಿತು. 2008ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಸ್ಪಷ್ಟ: ಹಣ ಕೇಳದಿದ್ದ ಮಾತ್ರಕ್ಕೆ ಷರತ್ತು ಷರತ್ತಲ್ಲವೆಂದಾಗುವುದಿಲ್ಲ; ಅದನ್ನು ಮೀರಿದರೆ ಕೃತಿಸ್ವಾಮ್ಯವನ್ನೇ ಮೀರಿದಂತೆ.

ಆದರೂ ಈ ಮೂರನೆಯ ವಾದಕ್ಕೆ ಕಾನೂನಿನ ಉತ್ತರ ಮಾತ್ರ ಸಾಲದು, ಏಕೆಂದರೆ ಅದು ಕಾನೂನಿನ ವಾದವೇ ಅಲ್ಲ. ಯಾರು ಕೇಳುತ್ತಾರೆ ಎಂಬುದು ಕುವೈತಿನ ಕಾರ್ಮಿಕನಿಗೆ ಚೆನ್ನಾಗಿ ಪರಿಚಯವಿರುವ ಮಾತು. ಮಾಲೀಕನು ನೌಕರನ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದು ಅಲ್ಲಿ ನಿಷಿದ್ಧ. ಇಟ್ಟುಕೊಳ್ಳುವವರು ಇಟ್ಟುಕೊಳ್ಳುತ್ತಲೇ ಇದ್ದಾರೆ, ಯಾರು ಕೇಳುತ್ತಾರೆ ಎಂಬ ಧೈರ್ಯದಿಂದ. ಸಂಬಳ ತಡೆಯುವವನ ಧೈರ್ಯವೂ ಅದೇ. ಪಾಸ್‌ಪೋರ್ಟ್ ಕಳೆದುಕೊಂಡ ಮನುಷ್ಯನ ಸಂಕಟಕ್ಕೂ ಹೆಸರು ಕಳೆದುಕೊಂಡ ಕಡತಕ್ಕೂ ಹೋಲಿಕೆಯಿಲ್ಲ. ಹೋಲಿಕೆ ಇರುವುದು ಕಸಿದುಕೊಳ್ಳುವವನ ಮನಸ್ಸಿನಲ್ಲಿ. ದುಡಿಮೆ ಬೇಕು, ದುಡಿದವನ ಗುರುತು ಬೇಡ. ಕಫೀಲನ ಈ ನಡವಳಿಕೆಯನ್ನು ಸಭೆಗಳಲ್ಲಿ ಖಂಡಿಸುವ ವಿದ್ಯಾವಂತ ವಲಸಿಗ ತನ್ನ ಗಣಕದ ಮುಂದೆ ಕುಳಿತಾಗ ಅದೇ ಕಫೀಲನಾಗುತ್ತಾನೆ.

ಇದು ಹೆಸರಿನ ಗೌರವದ ಪ್ರಶ್ನೆ ಮಾತ್ರವಾಗಿದ್ದರೆ ಇಷ್ಟು ಬಿಸಿಯಾಗಬೇಕಾಗಿರಲಿಲ್ಲ. ಕುವೈತಿನಲ್ಲಿ ವಲಸಿಗನ ಬದುಕು ಈಗ ಆ್ಯಪ್‌ಗಳ ಮೂಲಕವೇ ಸಾಗುತ್ತದೆ. ಹನ್ನೆರಡು ಅಂಕಿಯ ಸಿವಿಲ್ ಐಡಿ ಫೋನಿಗೆ ಬಂದಿದೆ. 2021ರ ಸೆಪ್ಟೆಂಬರಿನಲ್ಲಿ ಬಂದ ಸಹೆಲ್ ಎಂಬ ಆ್ಯಪ್ ಸರ್ಕಾರದ ಸೇವೆಗಳಿಗೆಲ್ಲ ಬಾಗಿಲು. 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ನೌಕರರು ದೇಶ ಬಿಡುವ ಮುನ್ನ ಮಾಲೀಕನ ಒಪ್ಪಿಗೆಯುಳ್ಳ ನಿರ್ಗಮನ ಪರವಾನಗಿ ಪಡೆಯಬೇಕು. ಅದರ ಅರ್ಜಿಯೂ ಆನ್‌ಲೈನಿನಲ್ಲಿಯೇ. ತಾಯಿಯ ಅಂತ್ಯಕ್ರಿಯೆಗೆ ಮಂಗಳೂರಿನ ವಿಮಾನ ಹಿಡಿಯಬಲ್ಲನೇ ಇಲ್ಲವೇ ಎಂಬುದು ಒಂದು ಪರದೆಯ ಮೇಲಿನ ಉತ್ತರಕ್ಕೆ ನಿಂತಿದೆ. ಇಂಥ ತಂತ್ರಾಂಶ ಯಾವ ಯಾವ ಭಾಗಗಳಿಂದ ಕೂಡಿದೆ, ಅವುಗಳಲ್ಲಿ ಯಾವುದು ಹಳತು, ಯಾವುದು ಜಾಹೀರಾತಿನವರದು, ಯಾವುದು ಸ್ಥಳ ಪತ್ತೆ ಮಾಡುವವರದು ಎಂದು ಬಳಸಲೇಬೇಕಾದವನು ಕೇಳುವುದು ಅತಿಯಾಸೆಯಲ್ಲ.

ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಕೋವಿಡ್ ಕಾಲದಲ್ಲಿ ಕುವೈತ್ ಸರ್ಕಾರ ಶ್ಲೋನಿಕ್ ಎಂಬ ಆ್ಯಪ್ ತಂದಿತು. ಕುವೈತಿನ ಆಡುಮಾತಿನಲ್ಲಿ ಹಾಗೆಂದರೆ ಹೇಗಿದ್ದೀಯ ಎಂದು. 2020ರ ಜೂನಿನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹಲವು ದೇಶಗಳ ಇಂಥ ಆ್ಯಪ್‌ಗಳನ್ನು ಪರಿಶೀಲಿಸಿ, ಬಹರೈನ್, ಕುವೈತ್, ನಾರ್ವೆ ದೇಶಗಳವು ಅತ್ಯಂತ ಆತಂಕಕಾರಿ ಎಂದಿತು. ಬಳಸುವವರ ಇರುವಿಕೆಯನ್ನು ಅವು ಆಗಿಂದಾಗ್ಗೆ ಕೇಂದ್ರ ಸರ್ವರಿಗೆ ಕಳುಹಿಸುತ್ತಿದ್ದವು. ನಾರ್ವೆ ತನ್ನದನ್ನು ನಿಲ್ಲಿಸಿತು. ಹೇಗಿದ್ದೀಯ ಎಂದು ಕೇಳುವವನು ಎಲ್ಲಿದ್ದೀಯ ಎಂದು ಬರೆದುಕೊಳ್ಳುತ್ತಿದ್ದಾನೆ ಎಂದು ತಿಳಿಯಲು ತಜ್ಞರು ಆ್ಯಪನ್ನು ಬಿಚ್ಚಿ ನೋಡಬೇಕಾಯಿತು. ಪರವಾನಗಿಯ ಪಟ್ಟಿಯೊಂದು ಇದನ್ನೆಲ್ಲ ಹೇಳಿಬಿಡುತ್ತಿತ್ತು ಎಂದಲ್ಲ. ಆದರೆ ಒಳಗಿರುವ ಘಟಕಗಳ ಹೆಸರು ತೆರೆದಿದ್ದರೆ ಪ್ರಶ್ನೆ ಕೇಳಲು ಹಿಡಿಯೊಂದು ಸಿಗುತ್ತದೆ, ಪತ್ರಕರ್ತನಿಗೂ, ಕಾರ್ಮಿಕ ಸಂಘಟನೆಗೂ, ಕುತೂಹಲದ ವಿದ್ಯಾರ್ಥಿಗೂ.

ಪಟ್ಟಿ ಕೊಟ್ಟರೆ ದಾಳಿಕೋರನಿಗೆ ದಾರಿ ತೋರಿಸಿದಂತೆ ಎಂಬ ವಾದವನ್ನು ಹೆಚ್ಚು ಹೊತ್ತು ಪರಿಶೀಲಿಸಬೇಕಾಗಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಎಂಬ ಜಾವಾ ಘಟಕದಲ್ಲಿ ಭಾರಿ ಬಿರುಕು ಪತ್ತೆಯಾದಾಗ ದಾಳಿಕೋರರು ಯಾವ ಪಟ್ಟಿಗೂ ಕಾಯಲಿಲ್ಲ. ಸಿಕ್ಕ ಸಿಕ್ಕ ಬಾಗಿಲನ್ನೆಲ್ಲ ತಟ್ಟಿದರು. ಪಟ್ಟಿಯಿಲ್ಲದೆ ಒದ್ದಾಡಿದವರು ಮನೆಯ ಒಡೆಯರು. ತಮ್ಮ ಯಾವ ತಂತ್ರಾಂಶದ ಯಾವ ಮೂಲೆಯಲ್ಲಿ ಆ ಘಟಕವಿದೆ ಎಂದು ಹುಡುಕುವುದರಲ್ಲೇ ವಾರಗಳು ಕಳೆದವು. ಅಪಾಚೆ ಪರವಾನಗಿಯ ಆ ಘಟಕ ತನ್ನ ಸೂಚನೆಯ ಕಡತವನ್ನು ಜೊತೆಗೇ ತಂದಿತ್ತು. ಅದನ್ನು ಹೊರಗಿಟ್ಟವರಿಗೆ ಅದು ಇದೆಯೆಂಬುದೇ ಮರೆತಿತ್ತು.

ಹಾಗಾದರೆ ಅಡಕಗೊಳಿಸುವುದೆಂದರೆ ಏನು? ಜಾಲತಾಣದಲ್ಲೊಂದು ಪುಟ ಮಾಡಿ ಕೊಂಡಿ ಕೊಡುವುದಲ್ಲ. ಕಂಪನಿ ಮುಚ್ಚುತ್ತದೆ, ಗುತ್ತಿಗೆ ಕೈ ಬದಲಾಗುತ್ತದೆ, ಕೊಂಡಿ ಸಾಯುತ್ತದೆ. ಆ್ಯಪ್ ಫೋನಿನಲ್ಲಿ ಬದುಕಿಯೇ ಇರುತ್ತದೆ. ಆದ್ದರಿಂದ ಪಟ್ಟಿ ಆ್ಯಪಿನ ಒಡಲಲ್ಲೇ ಇರಬೇಕು, ಅಂತರಜಾಲವಿಲ್ಲದಾಗಲೂ ತೆರೆಯಬೇಕು, ಮನುಷ್ಯನು ಓದುವಂತಿರಬೇಕು, ಜೊತೆಗೆ ಯಂತ್ರವು ಓದುವ ಗುರುತುಗಳೂ ಇರಬೇಕು. ಘಟಕದ ಹೆಸರು, ಆವೃತ್ತಿ, ಹಕ್ಕುಸ್ವಾಮ್ಯದ ಸಾಲು, ಪರವಾನಗಿಯ ಪೂರ್ಣಪಾಠ. ಜಿಪಿಎಲ್ ಘಟಕವಿದ್ದರೆ ಸೋರ್ಸ್ ಕೋಡ್ ಎಲ್ಲಿ ಸಿಗುತ್ತದೆ ಎಂಬ ಲಿಖಿತ ಮಾತು. ಪರವಾನಗಿಯ ಇಂಗ್ಲಿಷ್ ಪಾಠವನ್ನು ಬದಲಿಸುವಂತಿಲ್ಲ. ಆದರೆ ಆ ಪುಟದ ತಲೆಬರಹ, ಇದು ಏನು ಎಂಬ ಎರಡು ಸಾಲಿನ ವಿವರಣೆ ಅರಬಿಯಲ್ಲಿಯೂ ಕನ್ನಡದಲ್ಲಿಯೂ ಇರಬಾರದೆಂದು ಯಾರೂ ಹೇಳಿಲ್ಲ.

ಬಿಗಿಯಾದ ಕೈಗಳು ಕೇಳಿದಾಗ ಈ ಉದ್ಯಮ ಕೊಡುತ್ತದೆ ಎಂಬುದು ಸ್ಪಷ್ಟವಾಗಿದೆ. ಅಮೆರಿಕದ ಅಧ್ಯಕ್ಷರು 2021ರ ಮೇ ತಿಂಗಳಲ್ಲಿ ಹೊರಡಿಸಿದ ಆದೇಶ ಸರ್ಕಾರಕ್ಕೆ ತಂತ್ರಾಂಶ ಮಾರುವವರಿಂದ ಘಟಕಗಳ ಪಟ್ಟಿ ಪಡೆಯುವ ದಾರಿ ತೆರೆಯಿತು. ಭಾರತದ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಪ್ರಕಟಿಸಿತು. ಯುರೋಪಿನ ಒಕ್ಕೂಟದ ಸೈಬರ್ ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು 2027ರ ಡಿಸೆಂಬರ್ 11ರಿಂದ ಜಾರಿಯಾಗುತ್ತವೆ. ಅಲ್ಲಿ ತಂತ್ರಾಂಶ ಮಾರುವವರು ಘಟಕಗಳ ಪಟ್ಟಿ ತಯಾರಿಸಿ ಇಟ್ಟುಕೊಳ್ಳಲೇಬೇಕು. ಇವೆಲ್ಲ ಭದ್ರತೆಯ ಭಯದಿಂದ ಹುಟ್ಟಿದವು, ಕೃತಜ್ಞತೆಯಿಂದಲ್ಲ. ಪಟ್ಟಿಯನ್ನು ಬಳಕೆದಾರನಿಗೆ ತೋರಿಸಲೇಬೇಕೆಂದೂ ಇವು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಅಂದರೆ ಬರ್ಲಿನ್ನಿನ ಗಿರಾಕಿಗಾಗಿ ಬೆಂಗಳೂರಿನ ಕಂಪನಿ ಪಟ್ಟಿಯನ್ನು ಸಿದ್ಧಪಡಿಸಿ ಕಪಾಟಿನಲ್ಲಿ ಇಡುತ್ತದೆ. ಅದೇ ಕಂಪನಿ, ಅದೇ ಸಾಧನಗಳಿಂದ, ಅದೇ ಘಟಕಗಳನ್ನು ಸೇರಿಸಿ ಕುವೈತಿನ ಗಿರಾಕಿಗೆ ಆ್ಯಪ್ ಕಟ್ಟುವಾಗ ಪಟ್ಟಿ ದುಬಾರಿ ಎನ್ನುತ್ತದೆ.

ಆ ಆ್ಯಪನ್ನು ಕಟ್ಟುವ ತಂಡದಲ್ಲಿ ಕನ್ನಡಿಗರು ಇದ್ದೇ ಇರುತ್ತಾರೆ. ‘ಹೊರಗಿಡು’ ಎಂಬ ಸಾಲನ್ನು ತೆಗೆದು ‘ಬೆಸೆದು ಉಳಿಸು’ ಎಂದು ಬರೆಯಲು ಮಾಲೀಕನ ಅಪ್ಪಣೆ ಬೇಕಾಗಿಲ್ಲ, ನಿರ್ಗಮನ ಪರವಾನಗಿಯೂ ಬೇಕಾಗಿಲ್ಲ. ‘ಕುರಿತು’ ಎಂಬ ಪುಟದಲ್ಲಿ ಪರವಾನಗಿಗಳು ಎಂಬ ಗುಂಡಿಯೊಂದನ್ನು ಇಡಲು ಮುಂದಿನ ಆವೃತ್ತಿಯವರೆಗೂ ಕಾಯಬೇಕಾಗಿಲ್ಲ.